ಸೌರ, ಪವನ ವಿದ್ಯುತ್ ಬೇಕು, ಹೆಬ್ಬಕವೂ ಉಳಿಯಬೇಕು: ವಿದ್ಯುತ್ ಕಂಪನಿಗಳು ಏನು ಮಾಡಬಹುದು?

ರಾಜಸ್ಥಾನದ ಜೈಸಲ್ಮೇರ್ ಸುತ್ತಮುತ್ತ ಪ್ರಯಾಣಿಸಿದವರಿಗೆ ಆ ನೋಟ ಗೊತ್ತಿರುತ್ತದೆ. ಎತ್ತ ನೋಡಿದರೂ ಗಾಳಿಯಂತ್ರಗಳು, ಸೌರ ಫಲಕಗಳು, ಅವುಗಳ ನಡುವೆ ಸಾಲುಸಾಲು ವಿದ್ಯುತ್ ತಂತಿಗಳು. ದೇಶಕ್ಕೆ ಕಲ್ಲಿದ್ದಲು ಸುಡದ ವಿದ್ಯುತ್ ಕೊಡುತ್ತಿರುವ ಇದೇ ಬಯಲು ಹೆಬ್ಬಕದ ಕೊನೆಯ ದೊಡ್ಡ ನೆಲೆಯೂ ಹೌದು. ಬಳ್ಳಾರಿ ಕಡೆಯವರು ಇದನ್ನು ಎರೆಭೂತ, ಎರ್ಲಡ್ಡು ಎನ್ನುತ್ತಾರೆ. ಸಿರುಗುಪ್ಪದ ಎರೆಹೊಲಗಳಲ್ಲಿ ಈಗ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಇಡೀ ದೇಶದಲ್ಲಿ ಇರುವುದು ಸುಮಾರು 150.

ತಂತಿಗೆ ಈ ಹಕ್ಕಿ ಏಕೆ ಬಡಿಯುತ್ತದೆ? ಗಂಡು ಹೆಬ್ಬಕ 15 ಕಿಲೋವರೆಗೂ ತೂಗುತ್ತದೆ. ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿರುವುದರಿಂದ ಎದುರಿನ ನೋಟ ಕಿರಿದು. ತಂತಿ ಕಂಡರೂ ಅಷ್ಟು ಭಾರದ ದೇಹವನ್ನು ಕೊನೆಯ ಕ್ಷಣದಲ್ಲಿ ತಿರುಗಿಸಲಾಗದು. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜಿನಂತೆ ಥಾರ್ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 18 ಹೆಬ್ಬಕಗಳು ತಂತಿಗೆ ಬಲಿಯಾಗುತ್ತಿವೆ. ಹೆಣ್ಣು ಹಕ್ಕಿ ಸಾಮಾನ್ಯವಾಗಿ ಒಮ್ಮೆಗೆ ಇಡುವುದು ಒಂದೇ ಮೊಟ್ಟೆ. ಹೀಗಿರುವಾಗ ಈ ನಷ್ಟ ತುಂಬುವುದು ಹೇಗೆ?

ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2021ರ ಏಪ್ರಿಲ್‌ನಲ್ಲಿ ನ್ಯಾಯಾಲಯ, ಹೆಬ್ಬಕದ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕು, ಅಲ್ಲಿಯವರೆಗೆ ಬರ್ಡ್ ಡೈವರ್ಟರ್ ಅಳವಡಿಸಬೇಕು ಎಂದಿತು. ಆದರೆ ಆ ಆದೇಶದ ವ್ಯಾಪ್ತಿ ಸುಮಾರು 99,000 ಚದರ ಕಿ.ಮೀ.! ಅತಿ ಹೆಚ್ಚಿನ ವೋಲ್ಟೇಜ್‌ನ ತಂತಿಗಳನ್ನು ಅಷ್ಟು ದೂರ ನೆಲದಡಿ ಒಯ್ಯುವುದು ತಾಂತ್ರಿಕವಾಗಿ ಕಷ್ಟ, ವೆಚ್ಚವೂ ವಿಪರೀತ ಎಂದು ಸರ್ಕಾರ ವಾದಿಸಿತು. 2024ರ ಮಾರ್ಚ್‌ನಲ್ಲಿ ಕೋರ್ಟ್ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ರಚಿಸಿತು. 2025ರ ಡಿಸೆಂಬರ್‌ನಲ್ಲಿ ಸಮಿತಿಯ ಶಿಫಾರಸು ಒಪ್ಪಿ, ರಾಜಸ್ಥಾನದಲ್ಲಿ 14,013 ಚದರ ಕಿ.ಮೀ., ಗುಜರಾತ್‌ನಲ್ಲಿ 740 ಚದರ ಕಿ.ಮೀ. ಪ್ರದೇಶವನ್ನು ಆದ್ಯತೆಯ ನೆಲೆಯೆಂದು ಗುರುತಿಸಿತು. ಅಲ್ಲಿ ಹೊಸ ಗಾಳಿಯಂತ್ರ, ದೊಡ್ಡ ಸೌರ ಪಾರ್ಕ್ ಬೇಡ ಎಂದಿತು. ಹಕ್ಕಿಯ ಮನೆಯಲ್ಲಿ ಕಂಪನಿಗಳು ಅತಿಥಿಗಳಂತೆ ನಡೆದುಕೊಳ್ಳಬೇಕು ಎಂಬರ್ಥದ ಮಾತನ್ನೂ ಹೇಳಿತು.

ಜಾಗದ ಆಯ್ಕೆಯೇ ಮೊದಲ ಕೆಲಸ

ಕಂಬ ನೆಟ್ಟ ಮೇಲೆ ಮಾಡುವುದೆಲ್ಲ ತೇಪೆ. ಕಂಪನಿ ನಿಜವಾಗಿ ಪ್ರಕೃತಿಯನ್ನು ಉಳಿಸಬಲ್ಲ ಗಳಿಗೆ ನಕ್ಷೆಯ ಮೇಲೆ ಜಾಗ ಗುರುತಿಸುವಾಗಲೇ ಬರುತ್ತದೆ. ನಮ್ಮಲ್ಲಿ ತೊಡಕು ಇರುವುದೂ ಅಲ್ಲೇ. ಹುಲ್ಲುಗಾವಲು, ಕುರುಚಲು ಬಯಲುಗಳು ಸರ್ಕಾರಿ ಕಡತದಲ್ಲಿ ಬಹಳಷ್ಟು ಕಡೆ ‘ಬಂಜರು ಭೂಮಿ’. ಹೆಬ್ಬಕ, ತೋಳ, ಕೃಷ್ಣಮೃಗ ಬದುಕುವುದು, ಕುರಿಗಾಹಿಗಳು ಮಂದೆ ಮೇಯಿಸುವುದು ಇದೇ ‘ಬಂಜರಿ’ನಲ್ಲಿ! ಸೌರ ಫಲಕ ಮತ್ತು ಗಾಳಿಯಂತ್ರದ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಮುಂಚಿತ ಅನುಮತಿಯೂ ಬೇಕಿಲ್ಲ. ಹಾಗಾಗಿ ಕನಿಷ್ಠ ಒಂದು ವರ್ಷ, ಎಲ್ಲ ಋತುಗಳಲ್ಲೂ ಆ ಜಾಗದ ಹಕ್ಕಿ, ಪ್ರಾಣಿಗಳ ಸಮೀಕ್ಷೆ ಮಾಡಿಸುವುದು ಬಹುಮಟ್ಟಿಗೆ ಕಂಪನಿಯ ಮನಸ್ಸಿಗೇ ಬಿಟ್ಟ ವಿಚಾರ. ಸಾಲ ಕೊಡುವ ಬ್ಯಾಂಕುಗಳು ಇದನ್ನು ಷರತ್ತಾಗಿಸಿದರೆ ಬಹಳಷ್ಟು ಬದಲಾದೀತು.

ಹಾನಿ ಎಂದರೆ ಹಕ್ಕಿ ಬಡಿದು ಸಾಯುವುದಷ್ಟೇ ಅಲ್ಲ. ಪುಣೆಯವರಿಗೆ ಪರಿಚಿತವಾದ ಸಾತಾರಾ ಬಳಿಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಾಳಿಯಂತ್ರಗಳಿರುವ ಜಾಗದಲ್ಲಿ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ಇಲ್ಲದ್ದರಿಂದ ಹಲ್ಲಿಗಳ ಸಂಖ್ಯೆ ಹೆಚ್ಚಿತ್ತು, ಮನುಷ್ಯ ಹತ್ತಿರ ಬಂದರೂ ಓಡುವ ಆತುರ ಕಡಿಮೆಯಾಗಿತ್ತು. ಒಂದು ಯಂತ್ರ ಇಡೀ ಆಹಾರ ಸರಪಳಿಯನ್ನೇ ಅಲುಗಿಸುತ್ತದೆ ಎಂಬುದು ಇಲ್ಲಿ ಅಳತೆಗೆ ಸಿಕ್ಕಿದೆ.

ಈಗಾಗಲೇ ಕಟ್ಟಿದ್ದರೆ?

ಆಗಲೂ ಕೈಚೆಲ್ಲಬೇಕಿಲ್ಲ. ಸ್ಪೇನ್‌ನ ತಾರಿಫಾ ಪ್ರದೇಶದಲ್ಲಿ ರಣಹದ್ದು ಹತ್ತಿರ ಬಂದಾಗ ಕಾವಲುಗಾರರು ಸೂಚನೆ ಕೊಟ್ಟು ಆ ಯಂತ್ರವನ್ನಷ್ಟೇ ಸ್ವಲ್ಪ ಹೊತ್ತು ನಿಲ್ಲಿಸುವ ಪದ್ಧತಿ ತಂದರು. ರಣಹದ್ದುಗಳ ಸಾವು ಅರ್ಧದಷ್ಟು ಇಳಿಯಿತು. ವಿದ್ಯುತ್ ಉತ್ಪಾದನೆಯಲ್ಲಾದ ನಷ್ಟ ಶೇ 0.07 ಮಾತ್ರ! ನಾರ್ವೆಯ ಸ್ಮೋಲಾದಲ್ಲಿ ನಾಲ್ಕು ಯಂತ್ರಗಳ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಶೇ 70ಕ್ಕೂ ಹೆಚ್ಚು ತಗ್ಗಿತು. ನಾಲ್ಕೇ ಯಂತ್ರಗಳ ಫಲಿತಾಂಶ ಎಂಬುದು ನೆನಪಿರಲಿ. ಆದರೂ ಒಂದು ಡಬ್ಬಿ ಬಣ್ಣದ ಪ್ರಯೋಗವನ್ನು ನಮ್ಮಲ್ಲೂ ಮಾಡಿ ನೋಡಲು ಏನಡ್ಡಿ?

ತಂತಿಗಳ ವಿಷಯದಲ್ಲಿ 33 ಕೆ.ವಿ.ಯಂಥ ಕಡಿಮೆ ವೋಲ್ಟೇಜ್‌ನವನ್ನು ನೆಲದಡಿ ಹಾಕುವುದು ಸಾಧ್ಯ. ಉಳಿದವನ್ನು ನೆಲೆಯಿಂದ ದೂರ, ಒಂದೇ ಮಾರ್ಗದಲ್ಲಿ ಒಯ್ಯಬಹುದು. ಡೈವರ್ಟರ್ ಎಂದರೆ ಹಕ್ಕಿಗೆ ದೂರದಿಂದಲೇ ಕಾಣಲೆಂದು ತಂತಿಗೆ ತೂಗುಹಾಕುವ ಬಿಲ್ಲೆ. ಅದು ಸಾವು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಮರಳುಗಾಳಿಗೆ ಸವೆದು ಬಿದ್ದದ್ದನ್ನು ಬದಲಿಸುವವರೂ ಬೇಕು.

ಕೊನೆಗೆ ಲೆಕ್ಕದ ಮಾತು. ತಂತಿಯಡಿ ಬಿದ್ದ ಹಕ್ಕಿಯನ್ನು ನಾಯಿ, ನರಿಗಳು ಎಷ್ಟೋ ಸಲ ಬೆಳಗಾಗುವುದರೊಳಗೆ ಎಳೆದೊಯ್ಯುತ್ತವೆ. ತಿಂಗಳಿಗೊಮ್ಮೆ ಗಾಡಿಯಲ್ಲಿ ಹೋಗಿ ಬಂದು ‘ಸಾವು ಸೊನ್ನೆ’ ಎಂದು ಬರೆದರೆ ಅದು ಲೆಕ್ಕವಲ್ಲ. ತರಬೇತಿ ಪಡೆದ ಸ್ಥಳೀಯರಿಂದ ಪದೇ ಪದೇ ಎಣಿಕೆ ಮಾಡಿಸಿ, ಮಾಯವಾದ ಹಕ್ಕಿಗಳ ಅಂದಾಜನ್ನೂ ಸೇರಿಸಿ, ಆ ಅಂಕಿಗಳನ್ನು ಉತ್ಪಾದಿಸಿದ ಮೆಗಾವಾಟ್‌ಗಳ ಪಕ್ಕದಲ್ಲೇ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವುದು ಯಾವ ಕಂಪನಿಗೂ ಇಂದೇ ಸಾಧ್ಯ.