ಬುದ್ಧಿ ಅಳೆದ ಧಾರವಾಡ

ಮಕ್ಕಳ ಮನಸ್ಸಿನ ಅಧ್ಯಯನದ ಚರಿತ್ರೆ ಬರೆಯುವವರು ಪ್ಯಾರಿಸ್‌ನಲ್ಲಿ ಶುರು ಮಾಡಿ, ಅಮೆರಿಕವನ್ನೆಲ್ಲ ಸುತ್ತಿ, ಕೊನೆಗೆ ಪುಟ ಉಳಿದಿದ್ದರೆ ಬೆಂಗಳೂರಿಗೆ ಬರುತ್ತಾರೆ. ನಾನು ಧಾರವಾಡದವಳು, ನನಗೆ ಆ ದಾರಿ ಹಿಡಿಸುವುದಿಲ್ಲ. ನೌಕರಿ ಮಾಡಿದಷ್ಟು ಕಾಲವೂ ಆಸ್ಪತ್ರೆಯ ಒಂದು ಮೂಲೆಯಲ್ಲಿ ಮಕ್ಕಳ ಎದುರು ಕೂತು ನಾನು ಬಿಚ್ಚುತ್ತಿದ್ದ ಪೆಟ್ಟಿಗೆಗೆ ಎರಡು ಹೆಸರಿತ್ತು: ಬಿನೆ ಮತ್ತು ಕಾಮತ್. ನಮ್ಮ ಕಸುಬಿನವರ ಬಾಯಲ್ಲಿ ಅದು ಬರೀ ‘ಬಿಕೆಟಿ’. ಬಿನೆ ಯಾರೆಂದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿರುತ್ತದೆ. ಕಾಮತ್ ಯಾರು, ಯಾವ ಊರಿನ ಮಕ್ಕಳನ್ನು ಕೂರಿಸಿಕೊಂಡು ಆ ಪ್ರಶ್ನೆಗಳನ್ನು ತಿದ್ದಿದರು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಊರು ಧಾರವಾಡ. ಆ ಮಕ್ಕಳು ಕನ್ನಡದವರು ಮತ್ತು ಮರಾಠಿಯವರು.

ಬಿನೆಯ ಕತೆ ಚುಟುಕಾಗಿ ಹೇಳಿಬಿಡುತ್ತೇನೆ. ಶಾಲೆಯ ಪಾಠ ಹತ್ತದ ಮಕ್ಕಳಿಗೆ ಬೇರೆ ರೀತಿಯ ಕಲಿಕೆ ಬೇಕು, ಅಂಥವರನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಫ್ರಾನ್ಸಿನ ಸರ್ಕಾರದ ಮುಂದೆ ಬಂದಾಗ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಸಣ್ಣದೊಂದು ಪ್ರಶ್ನಾವಳಿ ಮಾಡಿದರು. 1908ರಲ್ಲಿ ಅದನ್ನು ವಯಸ್ಸಿನ ಪ್ರಕಾರ ಜೋಡಿಸಿದರು. 1911ರಲ್ಲಿ ಬಿನೆ ತೀರಿಕೊಂಡರು. ಮಗುವಿನ ಮಾನಸಿಕ ವಯಸ್ಸನ್ನು ಅದರ ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕ ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಕೊಟ್ಟದ್ದು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ ಐಕ್ಯೂ ಎಂದು ಪ್ರಚಾರಕ್ಕೆ ತಂದರು. ಒಂದೊಂದು ವಯಸ್ಸಿಗೆ ಆರು ಪ್ರಶ್ನೆ, ಸರಿಯಾದ ಪ್ರತಿ ಉತ್ತರಕ್ಕೆ ಎರಡು ತಿಂಗಳ ಮಾನಸಿಕ ವಯಸ್ಸು. ಯಾವ ಮಗುವಿಗೆ ಸಹಾಯ ಬೇಕು ಎಂದು ತಿಳಿಯಲು ಬಿನೆ ಮಾಡಿದ ಸಾಧನ ಸಮುದ್ರ ದಾಟುವಷ್ಟರಲ್ಲಿ ಯಾರು ಮೇಲು ಯಾರು ಕೀಳು ಎಂದು ಸಾಲು ನಿಲ್ಲಿಸುವ ಸಾಧನವಾಗಿತ್ತು.

ವಿ. ವಿ. ಕಾಮತ್ ಕೈಗೆತ್ತಿಕೊಂಡದ್ದು ಟರ್ಮನ್ನರ ಈ ಸಾಧನವನ್ನೇ. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಒಂದೇ ಓಣಿಯಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳೂ ಮರಾಠಿ ಶಾಲೆಗೆ ಹೋಗುವ ಮಕ್ಕಳೂ ಇದ್ದ ಕಾಲ. ಕಾಮತರು 1,074 ಮಕ್ಕಳನ್ನು ಪರೀಕ್ಷಿಸಿ, 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನೋವಿಜ್ಞಾನದ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಆರು ವರ್ಷ ಬಿಟ್ಟು, 1940ರಲ್ಲಿ, ಭಾರತೀಯ ಮಕ್ಕಳ ಬುದ್ಧಿ ಅಳೆಯುವ ಬಗ್ಗೆ ಅವರ ಪುಸ್ತಕವನ್ನು ಆಕ್ಸ್‌ಫರ್ಡ್ ಪ್ರಕಾಶನ ಹೊರತಂದಿತು.

ಇದನ್ನು ಬರೀ ಅನುವಾದ ಅಂದುಕೊಳ್ಳಬೇಡಿ. 1916ರ ಅಮೆರಿಕನ್ ಪುಸ್ತಕ ತೆರೆದು ನೋಡಿದರೆ ಕಾಮತರ ಮುಂದಿದ್ದ ತೊಡಕು ಅರ್ಥವಾಗುತ್ತದೆ. ಅಲ್ಲಿ ಆರು ವರ್ಷದ ಮಗು ಪೆನ್ನಿ, ನಿಕಲ್, ಡೈಮ್, ಕ್ವಾರ್ಟರ್ ಎಂದು ನಾಣ್ಯಗಳ ಹೆಸರು ಹೇಳಬೇಕು. ಏಳು ವರ್ಷದ ಮಗು ದಾರವನ್ನು ಬೋ ಆಕಾರದಲ್ಲಿ ಗಂಟು ಹಾಕಿ ತೋರಿಸಬೇಕು. ಬೂಟಿನ ಲೇಸು ದಿನಾ ಕಟ್ಟುವ ಊರಿನಲ್ಲಿ ಅದು ಬುದ್ಧಿಯ ಗುರುತು ಇರಬಹುದು. ಬರಿಗಾಲಲ್ಲಿ ಶಾಲೆಗೆ ಬರುವ ಹುಡುಗನಿಗೆ ಅದು ಹೊಸ ಆಟ, ಅಷ್ಟೇ. ಪೈ, ಆಣೆಯ ಲೆಕ್ಕದಲ್ಲಿ ಬೆಳೆದ ಮಗುವಿಗೆ ಡೈಮ್ ಯಾವ ಲೋಕದ್ದೋ. ಆಣೆಗೆ ಬದಲಿಸಿಕೊಂಡವರ ಪಾಡೂ ಸುಖವಲ್ಲ: 1957ರ ಏಪ್ರಿಲ್‌ನಲ್ಲಿ ನಯೇ ಪೈಸೆ ಬಂತು, ಆಣೆಯ ಲೆಕ್ಕ ಹಳತಾಯಿತು.

ಟರ್ಮನ್ನರ ಪುಸ್ತಕದಲ್ಲಿ ಆರು ವರ್ಷದವರಿಗೆ ಇನ್ನೊಂದು ಪ್ರಶ್ನೆಯಿದೆ: ಎಲ್ಲಿಗೋ ಹೊರಟಾಗ ಗಾಡಿ ತಪ್ಪಿಹೋದರೆ ಏನು ಮಾಡುತ್ತೀ? ಇನ್ನೊಂದು ಗಾಡಿಗೆ ಹೋಗುತ್ತೇನೆ ಎಂಬುದು ಪುಸ್ತಕ ಬಯಸುವ ಉತ್ತರ. ಇದೇ ಧಾಟಿಯ ಪ್ರಶ್ನೆಯನ್ನು ಕಲಘಟಗಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗನಿಗೆ ನಾನು ಕೇಳಿದಾಗ ಅವನು ತಡಮಾಡದೆ ಹೇಳಿದ: “ಮನಿಗೆ ಹೊಳ್ಳಿ ಹೋಗ್ತೀನ್ರಿ.” ಇನ್ನೊಂದು ಬಸ್ ಬರೋದಿಲ್ಲೇನೋ ಎಂದೆ. “ನಮ್ಮೂರಿಗೆ ಇರೋದ ಒಂದು ಬಸ್‌ರೀ ಅಕ್ಕಾರ. ಮತ್ತ ನಾಳಿಗೇ.” ಅವನ ಅವ್ವ ಪಕ್ಕದಲ್ಲಿ ಕೂತು ಹೌದೆಂದು ತಲೆಯಾಡಿಸಿದಳು. ಅಂಕ ಕೊಡುವ ಹಾಳೆಯಲ್ಲಿ ಇಂಥ ಉತ್ತರಕ್ಕೆ ಜಾಗವಿಲ್ಲ. ನಾನು ಅಂಚಿನಲ್ಲಿ ಬರೆದಿಟ್ಟುಕೊಂಡೆ. ಒಳ್ಳೆಯ ಪರೀಕ್ಷಕರೆಲ್ಲರ ಹಾಳೆಗಳ ಅಂಚು ಹೀಗೆ ತುಂಬಿರುತ್ತದೆ. ನನ್ನ ಮಟ್ಟಿಗೆ ಈ ವಿಜ್ಞಾನ ಮುಂದೆ ಹೋದದ್ದು ಅಂಚಿನಲ್ಲಿ ಬರೆದದ್ದನ್ನು ಯಾರೋ ಗಂಭೀರವಾಗಿ ಓದಿದಾಗಲೇ.

ಪ್ರಶ್ನೆ ತಿದ್ದುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಭಾಗಾಕಾರದ ಕೆಳಗಿನ ಅಂಕೆಯದು, ಅಂದರೆ ವಯಸ್ಸಿನದು. ನಮ್ಮ ಕಡೆ ನನ್ನ ತಲೆಮಾರಿನವರ ಶಾಲೆಯ ದಾಖಲೆ ತೆಗೆದು ನೋಡಿ: ಅರ್ಧ ಊರು ಜೂನ್ 1ರಂದು ಹುಟ್ಟಿದೆ. ನಾನೂ ಅದೇ ದಿನ ಹುಟ್ಟಿದವಳು, ಹೆಡ್‌ಮಾಸ್ತರರ ಪೆನ್ನಿನಿಂದ. ಅವ್ವನನ್ನು ಕೇಳಿದರೆ ಕಾರಹುಣ್ಣಿಮೆಯ ಹಿಂದುಮುಂದು ಎನ್ನುತ್ತಿದ್ದಳು. ಮಾನಸಿಕ ವಯಸ್ಸು ಆರು ಬಂದ ಮಗುವಿನ ವಯಸ್ಸನ್ನು ಶಾಲೆಯವರು ಎಂಟು ಎಂದು ಬರೆದಿದ್ದರೆ ಐಕ್ಯೂ 75. ಒಂಬತ್ತು ಎಂದು ಬರೆದಿದ್ದರೆ 67. ನಡುವೆ ಇರುವ 70 ಎಂಬ ಗೆರೆಯ ಆಚೆ ಬಿದ್ದರೆ ಬುದ್ಧಿಮಾಂದ್ಯತೆ, ಈಚೆ ಬಿದ್ದರೆ ಅಲ್ಲ. ಮಗು ಅದೇ, ಉತ್ತರವೂ ಅವೇ. ಹಬ್ಬ, ಬರಗಾಲ, ಅಣ್ಣನ ಮದುವೆ ಹೀಗೆ ಒಂದೊಂದನ್ನೇ ಕೇಳಿ ಹುಟ್ಟಿದ ತಿಂಗಳನ್ನು ಹುಡುಕುವುದಕ್ಕೆ ನಮಗೆ ಪರೀಕ್ಷೆಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಇತ್ತ ಮೈಸೂರಿನಲ್ಲಿ ಬೇರೆಯೇ ಗಾಳಿ. ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಮೊದಲ ಪಠ್ಯಕ್ರಮ ರೂಪಿಸಿದ್ದ ಬ್ರಜೇಂದ್ರನಾಥ ಸೀಲ್ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1924ರಲ್ಲಿ, ಇಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ಕಲ್ಕತ್ತೆಯ ನಂತರ ದೇಶದಲ್ಲಿ ಇದೇ ಎರಡನೆಯದು. ಅದನ್ನು ಕಟ್ಟಿದವರು ಲಂಡನ್‌ನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ. ಇವರ ಹೆಸರು ಕನ್ನಡಿಗರಿಗೆ ನೆನಪಿರುವುದು ಮನೋವಿಜ್ಞಾನಕ್ಕಲ್ಲ. 1935ರಲ್ಲಿ ಸ್ವಂತ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ನಡೆಸಿದವರೂ ಇವರೇ. ಒಬ್ಬ ಮೇಷ್ಟ್ರು ಮನಸ್ಸಿನ ಪ್ರಯೋಗಶಾಲೆಯನ್ನೂ ರೇಡಿಯೋವನ್ನೂ ಒಟ್ಟಿಗೆ ನಡೆಸಿದ ಊರು ಅದು.

ಮೈಸೂರಿನ ನಿಜವಾದ ಕೊಡುಗೆ ಮಾತ್ರ ಪ್ರೊಫೆಸರರ ಕೋಣೆಯಿಂದ ಬಂದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಕಾಮತರ ಲೇಖನ ಅಚ್ಚಾದ ವರ್ಷವೇ! ಧಾರವಾಡದಲ್ಲಿ ಒಬ್ಬರು ಮಗುವನ್ನು ಒಂದು ಬೆಳಗ್ಗೆ ಕೂರಿಸಿಕೊಂಡು ಅಳೆಯುತ್ತಿದ್ದಾಗ ಮೈಸೂರಿನ ನರ್ಸಮ್ಮಗಳು ಹುಟ್ಟಿದ ಗಳಿಗೆಯ ಅಳತೆಯನ್ನು, ಮುಂದೆ ಯಾರು ಓದುತ್ತಾರೆಂದು ತಿಳಿಯದೆ, ಬರೆದು ಎತ್ತಿಡುತ್ತಿದ್ದರು. ಓದುವವರು ಬಂದದ್ದು 1990ರ ದಶಕದಲ್ಲಿ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದ ಕೂಸುಗಳಾಗಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಇದು ಹೃದಯದ ಮಾತಾಯಿತು. ಮನಸ್ಸಿನ ಮಾತು ಆಮೇಲೆ ಬಂತು, ಅದಕ್ಕೆ ಮತ್ತೆ ಬರುತ್ತೇನೆ.

ಬೆಂಗಳೂರಿನ ಪಾಲು ಎಲ್ಲರಿಗೂ ಗೊತ್ತಿರುವುದೇ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, 1974ರಲ್ಲಿ ಪಕ್ಕದ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಅದಕ್ಕೂ ಮುಂಚೆ, ಮಕ್ಕಳಿಗೆಂದೇ ಮಾರ್ಗದರ್ಶನ ಕೇಂದ್ರ ಮುಂಬೈಯಲ್ಲಿ 1937ರಲ್ಲೇ, ಟಾಟಾ ಸಮಾಜಕಾರ್ಯ ಶಾಲೆಯಲ್ಲಿ, ತೆರೆದಿತ್ತು. ನಾವು ಕಲಿಯುವ ಹೊತ್ತಿಗೆ ಐಕ್ಯೂ ಅಂಕೆಯೊಂದರಲ್ಲೇ ಎಲ್ಲ ಇದೆ ಎಂಬ ನಂಬಿಕೆ ಸಡಿಲವಾಗಿತ್ತು. ಮಗು ತಾನೇ ಉಣ್ಣುತ್ತದೆಯೇ, ಅಂಗಡಿಗೆ ಹೋಗಿ ಬರುತ್ತದೆಯೇ ಎಂದು ತಾಯಿಯನ್ನು ಕೇಳಿ ಅಳೆಯುವ ವೈನ್‌ಲ್ಯಾಂಡ್ ಮಾಪನವನ್ನು ನಾಗಪುರದ ಮಾಲಿನ್ ಭಾರತಕ್ಕೆ ಹೊಂದಿಸಿದ್ದರು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಜೆ. ಭರತ್‌ರಾಜ್, ಹುಟ್ಟಿನಿಂದ 15 ವರ್ಷದವರೆಗಿನ ಬೆಳವಣಿಗೆಯನ್ನು 88 ಅಂಶಗಳಲ್ಲಿ ಕೇಳುವ ಪರೀಕ್ಷೆ ಕಟ್ಟಿದ್ದರು. ನಿಮ್ಹಾನ್ಸ್‌ನ ಮಾಲವಿಕಾ ಕಪೂರ್ ಅವರಂಥವರು ಆಸ್ಪತ್ರೆ ಬಿಟ್ಟು ಶಾಲೆಗೆ ಹೋಗಿ ಮೇಷ್ಟ್ರುಗಳ ಜೊತೆ ಕೆಲಸ ಮಾಡುತ್ತಿದ್ದರು.

ಆಸ್ಪತ್ರೆಗೆ ಬರುವುದು ತೊಂದರೆ ವಿಪರೀತವಾದ ಮೇಲೆ. ಹಾಗಾದರೆ ಬಾರದವರ ಲೆಕ್ಕವೇನು? ಇದಕ್ಕೆ ಉತ್ತರ ಹುಡುಕಿದ ಕೆಲಸವನ್ನು ನಾನು ನಮ್ಮ ಕಾಲದ ಮುಖ್ಯ ಸಂಶೋಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ ಮೂರೂ ಕಡೆ ಮನೆಗಳಿಗೇ ಹೋಗಿ ಹುಟ್ಟಿದ ಕೂಸಿನಿಂದ 16 ವರ್ಷದವರೆಗಿನ 2,064 ಮಕ್ಕಳನ್ನು ನೋಡಿದರು. ಫಲಿತಾಂಶ 2005ರಲ್ಲಿ ಅಚ್ಚಾಯಿತು: ನೂರಕ್ಕೆ 12.5 ಮಕ್ಕಳಿಗೆ ಒಂದಲ್ಲ ಒಂದು ಮನೋಸಂಬಂಧಿ ತೊಂದರೆ. ಬಡಾವಣೆ, ಕೊಳೆಗೇರಿ, ಹಳ್ಳಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಏನೇನು ತೊಂದರೆ ಎಂದು ಓದಿದರೆ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಪಟ್ಟಿಯೇ: ಎಳೆಯವರಲ್ಲಿ ಅತ್ತು ಅತ್ತು ಉಸಿರು ಕಟ್ಟುವುದು, ಮಣ್ಣು ತಿನ್ನುವುದು, ಮಾತು ತಡವಾಗುವುದು. ನಾಲ್ಕು ದಾಟಿದವರಲ್ಲಿ ಹಾಸಿಗೆ ಒದ್ದೆ ಮಾಡುವುದು, ಅತಿಯಾದ ಹೆದರಿಕೆ, ಕೂತಲ್ಲಿ ಕೂರದ ಚಡಪಡಿಕೆ, ಉಗ್ಗು, ಮೊಂಡುತನ. ಇವುಗಳಲ್ಲಿ ಎಷ್ಟೋ ತಾವಾಗಿ ಬಿಟ್ಟುಹೋಗುತ್ತವೆ. ಬದುಕಿಗೇ ಅಡ್ಡಬರುವ ಮಟ್ಟದ ತೊಂದರೆ ನಾಲ್ಕು ದಾಟಿದವರಲ್ಲಿ ನೂರಕ್ಕೆ 5.3ರಷ್ಟು ಮಕ್ಕಳಿಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ ಸಂಖ್ಯೆ ಇನ್ನೊಂದು. ತಮ್ಮ ಮಗುವಿಗೆ ತೊಂದರೆ ಇದೆ ಎಂದು ತಿಳಿದಿದ್ದ ಮನೆಗಳು ನೂರಕ್ಕೆ 37.5 ಮಾತ್ರ. “ದೊಡ್ಡವನಾದ ಮ್ಯಾಲ ಸರಿಹೋಗ್ತಾನ” ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ಕೆಲವು ಸಲ ಅದು ನಿಜ. ಆದರೆ ಯಾವ ಮಗುವಿನ ವಿಷಯದಲ್ಲಿ ನಿಜ ಎಂದು ಹೇಳಬೇಕಾದರೆ ಆ ಮಗು ದೊಡ್ಡದಾಗುವವರೆಗೂ ಬೆನ್ನುಬಿಡದೆ ನೋಡುವವರು ಬೇಕು.

ಹಾಗೆ ನೋಡುವವರು ಮಿಷನ್ ಆಸ್ಪತ್ರೆಯಲ್ಲಿ ಮತ್ತೆ ಸಿಕ್ಕಿದರು. 1997-98ರಲ್ಲಿ ಅಲ್ಲಿ ಬಸುರಿಯರ ಹೆಸರು ನೋಂದಾಯಿಸಿ, ಅವರ ರಕ್ತದ ಮಾದರಿ ಎತ್ತಿಟ್ಟು, ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸುವ ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಮಕ್ಕಳಿಗೆ ಒಂಬತ್ತು ಹತ್ತು ವರ್ಷವಾದಾಗ ಐನೂರಕ್ಕೂ ಹೆಚ್ಚು ಮಂದಿಗೆ ಕಲಿಕೆ, ನೆನಪು, ಮಾತಿನ ಓಟದ ಪರೀಕ್ಷೆ ಮಾಡಿದರು. ಬಸಿರಿನಲ್ಲಿ ತಾಯಿಯ ರಕ್ತದಲ್ಲಿ, ಸೊಪ್ಪು ಬೇಳೆಗಳಲ್ಲಿ ಸಿಗುವ ಫೋಲೇಟ್ ಎಂಬ ವಿಟಮಿನ್ ಚೆನ್ನಾಗಿದ್ದ ಮಕ್ಕಳ ಅಂಕ ಸ್ವಲ್ಪ ಮೇಲಿತ್ತು. ಬಿ12 ವಿಷಯದಲ್ಲಿ ಅಂಥ ನಂಟು ಕಾಣಲಿಲ್ಲ. 2010ರಲ್ಲಿ ಬಂದ ಆ ಲೇಖನ ಓದಿದಾಗ, ಆ ಅವ್ವಂದಿರ ತಾಟಿನಲ್ಲಿ ಸೊಪ್ಪು ಬೇಳೆ ಎಷ್ಟು ಬೀಳುತ್ತಿತ್ತೋ ಎಂದು ನನಗನಿಸಿತು. ನಂತರ ನಿಮ್ಹಾನ್ಸ್ ಮತ್ತು ಲಂಡನ್ನಿನವರು ಸೇರಿ ನಡೆಸಿದ ‘ಸಿವೇದ’ ಎಂಬ ದೊಡ್ಡ ಅಧ್ಯಯನದಲ್ಲಿ ಮೈಸೂರೂ ಒಂದು ಕೇಂದ್ರವಾಯಿತು. ಸಂಶೋಧನೆಯ ದಿಕ್ಕು ಬದಲಾದದ್ದು ಹೀಗೆ: ಒಂದು ಬೆಳಗಿನ ಅಂಕೆಯಿಂದ ಇಪ್ಪತ್ತು ವರ್ಷದ ರಿಜಿಸ್ಟರಿಗೆ.

ಆದರೆ ಕಚೇರಿಯ ಮೇಜಿನ ಮೇಲೆ ಇನ್ನೂ ಆ ಅಂಕೆಯೇ ಕೂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದ ಮೇಲೆ ಅಂಗವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿತು. ಪ್ರಮಾಣಪತ್ರ ಬೇಕಾದವರ ಸಾಲೂ ಬೆಳೆಯಿತು. ದಿನದ ಬದುಕಿನ ಸಾಮರ್ಥ್ಯವನ್ನೂ ನೋಡಬೇಕೆಂಬ ನಿಯಮವಿದ್ದರೂ ಎಲ್ಲರ ಕಣ್ಣು ಮೊದಲು ಹೋಗುವುದು ಐಕ್ಯೂ ಸಾಲಿಗೆ. ಆ ಅಂಕೆ ಎಷ್ಟೋ ಕಡೆ ಬರುವುದು ಕಾಮತರ ಪೆಟ್ಟಿಗೆಯಿಂದ, 1930ರ ದಶಕದ ಧಾರವಾಡದ ಮಕ್ಕಳಿಗೆ ಹೋಲಿಸಿ. ತಲೆಮಾರು ಕಳೆದಂತೆ ಮಕ್ಕಳು ಇಂಥ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ತೆಗೆಯುತ್ತಾರೆ ಎಂದು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ಅಮೆರಿಕದಲ್ಲಿ ಅದು ಹತ್ತು ವರ್ಷಕ್ಕೆ ಸುಮಾರು 3 ಅಂಕ. ಟಿವಿ, ಮೊಬೈಲು, ಅಂಗನವಾಡಿ ಕಂಡ ಇಂದಿನ ಮಗುವನ್ನು ಮುತ್ತಜ್ಜನ ಕಾಲದ ಮಕ್ಕಳ ಪಕ್ಕ ನಿಲ್ಲಿಸಿ ಅಳೆದರೆ ಅಂಕ ಉಬ್ಬುತ್ತದೆ. 70ರ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದ ಮಗುವಿಗೆ ಪಿಂಚಣಿ ಇಲ್ಲ, ವಿಶೇಷ ಶಿಕ್ಷಕರಿಲ್ಲ. ಆ ಅವ್ವ ಮರುದಿನ ಬಂದು “ನನ್ನ ಮಗ ಶಾಣ್ಯಾ ಅಂತ ಬರದೀರಂತ, ಹೌದೇನ್ರಿ?” ಎಂದು ಕೇಳಿದರೆ ಏನು ಹೇಳಬೇಕು?

ಕಾಮತರನ್ನು ದೂರುವುದಿಲ್ಲ. ತಮ್ಮ ಊರಿನ ಮಕ್ಕಳನ್ನು ಕೇಳಿಯೇ ಅವರು ಅಳತೆ ಕಟ್ಟಿದರು. ಅಷ್ಟು ಶ್ರಮವನ್ನು ಅವರ ನಂತರದವರು ಮತ್ತೆ ಪಡಲಿಲ್ಲ, ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ನಡೆದೆವು. ಇವತ್ತಿನ ಕಲಬುರಗಿಯ, ಕೊಡಗಿನ, ಕರಾವಳಿಯ ಮಕ್ಕಳನ್ನು ಅವರವರ ಕನ್ನಡದಲ್ಲೇ ಕೇಳಿ ಹೊಸ ಮಟ್ಟಗಳನ್ನು ಕಟ್ಟುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳು ಹಣ ಎತ್ತಿಡಬೇಕು.

ಅಲ್ಲಿಯವರೆಗೆ ತಾಯಿ ತಂದೆಯರಲ್ಲಿ ಒಂದು ಬಿನ್ನಹ. ಮಗುವಿನ ಪರೀಕ್ಷೆಗೆ ಹೋಗುವಾಗ ಶಾಲೆಯ ದಾಖಲೆಯ ಜೊತೆ ಹೆರಿಗೆಯ ಕಾಲದ ತಾಯಿ ಕಾರ್ಡನ್ನೂ ತೆಗೆದುಕೊಂಡು ಹೋಗಿ. ಅದರಲ್ಲಿ ಹುಟ್ಟಿದ ತಾರೀಖೂ ತೂಕವೂ ಇರುತ್ತವೆ. ವರದಿ ಕೈಗೆ ಬಂದಾಗ ಯಾವ ಪರೀಕ್ಷೆ ಮಾಡಿದಿರಿ, ಯಾವ ಭಾಷೆಯಲ್ಲಿ ಕೇಳಿದಿರಿ, ಯಾವ ಕಾಲದ ಮಕ್ಕಳಿಗೆ ಹೋಲಿಸಿದಿರಿ ಎಂದು ಕೇಳಿ. ಎರಡು ಮೂರು ವರ್ಷ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಹಳೆಯ ವರದಿಯನ್ನು ಹರಿದು ಹಾಕಬೇಡಿ.