ಕಾಲಜ್ಞಾನ: ಮುಂದಿನ ಮಾತೋ, ಹಿಂದಿನ ನೋವೋ?



ಲೋಕ ಮುಳುಗುವುದು ಯಾವಾಗ ಎಂಬ ಭೀತಿ ನಮ್ಮ ಜನರನ್ನು ಆಗಾಗ ಕಾಡಿದೆ. 1962ರ ಫೆಬ್ರುವರಿಯಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟವಾದಾಗ ದೇಶದ ಎಷ್ಟೋ ಕಡೆ ಹೋಮ ಹವನಗಳು ನಡೆದವು. 2012ರ ಡಿಸೆಂಬರ್ 21ರಂದು ಮಾಯಾ ಪಂಚಾಂಗದ ಹೆಸರಿನಲ್ಲಿ ಅದೇ ಭಯ ಮರಳಿತು. ಇಂಥ ವೇಳೆಯಲ್ಲಿ 'ನಮ್ಮ ಕಾಲಜ್ಞಾನದಲ್ಲಿ ಏನು ಹೇಳಿದೆ?' ಎಂದು ಭಕ್ತರು ಕೇಳುವುದು ಸಹಜ.

ವಿರೂಪಾಕ್ಷ ಪಂಡಿತನ 'ಚೆನ್ನಬಸವ ಪುರಾಣ'ವನ್ನೇ ನೋಡೋಣ. ಅದರಲ್ಲಿ ಚೆನ್ನಬಸವಣ್ಣನವರು ಸೊನ್ನಲಿಗೆಯ ಸಿದ್ಧರಾಮರಿಗೆ ಮುಂದಾಗುವುದನ್ನು ತಿಳಿಸುತ್ತಾರೆ. ವಿಜಯನಗರದ ಅರಸರೂ ಅದರ ನಾಶವೂ ಅಲ್ಲಿ ಭವಿಷ್ಯವಾಗಿ ಬರುತ್ತವೆ. ಅನಂತರ ವೀರವಸಂತರಾಯನು ಬಂದು ಕಲ್ಯಾಣವನ್ನು ಮರಳಿ ಕಟ್ಟುವನೆಂಬ ಮಾತಿದೆ. ಮಾತನಾಡುವವರು ಹನ್ನೆರಡನೆಯ ಶತಮಾನದ ಶರಣರು. ಕೃತಿ ರಚನೆಯಾದುದು 1584ರಲ್ಲಿ, ಅಂದರೆ ವಿಜಯನಗರ ಸೋತ 1565ರ ಯುದ್ಧಕ್ಕೆ 19 ವರ್ಷಗಳ ಬಳಿಕ. ಯುದ್ಧದವರೆಗಿನ ಭವಿಷ್ಯ ನಡೆದುಹೋದ ಚರಿತ್ರೆಯೇ ಆಗಿದೆ. ವೀರವಸಂತರಾಯನೋ ಚರಿತ್ರೆಗೆ ಬರಲೇ ಇಲ್ಲ. ಚರಿತ್ರೆಯೂ ಭವಿಷ್ಯವೂ ಬೇರೆಯಾಗುವ ಈ ಎಡೆಯಲ್ಲೇ ಕವಿಯ ಕಾಲ ಕಾಣುತ್ತದೆ. ಬೈಬಲ್ಲಿನ ದಾನಿಯೇಲನ ಗ್ರಂಥವು ಕ್ರಿಸ್ತಪೂರ್ವ ಎರಡನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿದ್ದೂ ಬಹುಮಟ್ಟಿಗೆ ಇದೇ ಬಗೆಯಲ್ಲಿ.

ಇದರಿಂದ ಪುರಾಣದ ಗೌರವ ಕುಂದಿತೆಂದು ಕೆಲವರು ನೊಂದುಕೊಳ್ಳಬಹುದು. ನನಗೆ ಹಾಗೆನಿಸದು. ಸಾಮ್ರಾಜ್ಯದ ಪತನವನ್ನು ಕಂಡ ತಲೆಮಾರಿನ ಕವಿ, ತನ್ನ ಕಾಲದ ದುಃಖವನ್ನು ಕಲ್ಯಾಣವನ್ನು ಕಳೆದುಕೊಂಡ ಶರಣರ ಬಾಯಿಂದಲೇ ನುಡಿಸಿದ್ದಾನೆ. ಅವನು ಬಯಸಿದ್ದು ಲೋಕದ ಕೊನೆಯನ್ನಲ್ಲ, ಹಾಳಾದ ಊರು ಮತ್ತೆ ಏಳುವುದನ್ನು. ಹೀಗೆ ಓದಿದಾಗ 'ಯಾವಾಗ?' ಎಂಬ ಪ್ರಶ್ನೆ ಹಿಂದೆ ಸರಿದು, 'ಯಾರು ಏನನ್ನು ಕಳೆದುಕೊಂಡಿದ್ದರು?' ಎಂಬುದು ಮುಂದೆ ಬರುತ್ತದೆ.

ಆ ಪ್ರಶ್ನೆಯನ್ನು ನಮ್ಮ ಸೀಮೆಗೂ ಕೇಳಬಹುದು. 1876-78ರ ಧಾತು-ಈಶ್ವರ ಸಂವತ್ಸರಗಳ ಬರವನ್ನು ಕಂಡವರಿಗೆ ಪ್ರಳಯಕ್ಕೆ ಬೇರೆ ಅರ್ಥ ಬೇಕಿರಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರ ಗಣತಿಗೆ 41,86,188ಕ್ಕೆ ಇಳಿಯಿತು. ಆಂಧ್ರದ ಗಡಿಯಲ್ಲಿರುವ, ಮಳೆಯನ್ನೇ ನೆಚ್ಚಿದ ನಮ್ಮ ಧರ್ಮಪುರ ಹೋಬಳಿಯಲ್ಲಿ ಬರವೆಂಬುದು ಇಂದಿಗೂ ಬರಿಯ ಓದಿನ ಮಾತಲ್ಲ. ಆ ಬರ ಕಳೆದು ಎರಡು ದಶಕಗಳಾದ ಮೇಲೆ, 1898ರಲ್ಲಿ, ಇದೇ ಹಿರಿಯೂರು ಸೀಮೆಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟೆಯ ಕೆಲಸ ಮೊದಲಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಆ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ.