ನೆಪ್ಪು ಮತ್ತು ಸ್ಮೃತಿ

ನಮ್ಮ ಶಿರೂರಿನ ಕಡೆ ಮಾತಿನಲ್ಲಿ 'ನೆನಪು' ಅನ್ನೋದು ಕಡಿಮೆ, 'ನೆಪ್ಪು' ಅಂತಾರ. 'ನೆಪ್ಪ ಹಾರೇತಿ', 'ನೆಪ್ಪಿಟ್ಕೋ' ಇವು ಕೇರಿಯಲ್ಲಿ ದಿನಾ ಕೇಳುವ ಮಾತುಗಳು. ನಮ್ಮ ವಿಮರ್ಶೆಯೋ 'ದಲಿತ ಸ್ಮೃತಿ', 'ಸಮುದಾಯದ ಸ್ಮೃತಿ' ಎಂದು ಧಾರಾಳವಾಗಿ ಬರೆಯುತ್ತದೆ. ಈ ಪದವನ್ನು ಇಷ್ಟು ನಿರಾಳವಾಗಿ ಬಳಸಬಹುದೇ ಎಂಬುದು ನನ್ನ ತಕರಾರು.

ನೆಪ್ಪು 'ನೆನೆ' ಎಂಬ ದ್ರಾವಿಡ ಧಾತುವಿನದು. ತಮಿಳಿನ 'ನಿನೈ' ಅದರ ಒಡಹುಟ್ಟು. (ಕಾಳು ನೆನೆಯುವ 'ನೆನೆ' ಬೇರೆ, ತಮಿಳಿನಲ್ಲಿ ಅದು 'ನನೈ'. ಕನ್ನಡದ ಕಿವಿಗೆ ಎರಡೂ ಒಂದೇ.) ಸಂಸ್ಕೃತದ 'ಸ್ಮೃ' ಧಾತುವಿನ ಅರ್ಥವೂ ನೆನೆಯುವುದೇ. ಆದರೆ ವೈದಿಕ ಪರಂಪರೆಯಲ್ಲಿ ಕೇಳಿದ್ದು ಶ್ರುತಿಯಾಯಿತು, ನೆನೆದದ್ದು ಸ್ಮೃತಿಯಾಯಿತು, ಆ ಸ್ಮೃತಿಯೇ ಕಾನೂನಾಗಿ ಕೂತಿತು. ನೆನೆದವರು ಯಾರು? ಗೌತಮ ಧರ್ಮಸೂತ್ರವೂ ಈ ಸ್ಮೃತಿವರ್ಗಕ್ಕೆ ಸೇರಿದ್ದು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ತವರ, ಅರಗು ಸುರಿಯುವ ಅದರ ಶಿಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಬೆನ್ನಿಗೇ ಇರುವ ಇನ್ನೊಂದನ್ನು ಯಾಕೋ ಬಿಟ್ಟುಬಿಡುತ್ತಾರೆ: ಕೇಳಿದ್ದನ್ನು ನೆನಪಿಟ್ಟುಕೊಂಡರೆ ಮೈ ಸೀಳಬೇಕು. ಅಂದರೆ ನೆಪ್ಪಿಗೇ ಮರಣದಂಡನೆ!

ಹಾಗಾದರೆ ನಮ್ಮವರ ತಲೆಯಲ್ಲಿ ಏನಿತ್ತು? ಊರಿತ್ತು. ಮೈಸೂರು ಸೀಮೆಯ ಹೊಲೆಯ ಕುಳವಾಡಿಯ ಬಗ್ಗೆ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ 1873ರಲ್ಲಿ ಬರೆದಿದ್ದಾನೆ. ಗಡಿಜಗಳ ಬಂದರೆ ಕುಳವಾಡಿ ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಮೇಲೆ ಹೊತ್ತು ಗಡಿಗುಂಟ ನಡೆಯಬೇಕು. ಹೆಜ್ಜೆ ತಪ್ಪಿ ಆಚೆ ಬಿದ್ದರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಮನೆ ಹಾಳುಬೀಳುತ್ತದೆ ಎಂಬ ನಂಬಿಕೆ. ಬಾಗಲಕೋಟೆ ಭಾಗ ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. ಆ ಪ್ರಾಂತದಲ್ಲೂ ಗಡಿವ್ಯಾಜ್ಯಕ್ಕೆ ಮಹಾರರ ಮಾತನ್ನೇ ಕೇಳುತ್ತಿದ್ದರು. ಊರ ಹೊರಗಿದ್ದವನಿಗೆ ಊರು ಎಲ್ಲಿಗೆ ಮುಗೀತೈತಿ ಅನ್ನೋದು ಗೊತ್ತಿರಲೇಬೇಕಾಗಿತ್ತು.

ಇದನ್ನು ದಲಿತರ ಜ್ಞಾನಪರಂಪರೆ ಎಂದು ಹೊಗಳುವ ಉತ್ಸಾಹ ನನಗಿಲ್ಲ. ಜೀವ ಒತ್ತೆಯಿಟ್ಟು ಮಾಡಿದ ಚಾಕರಿ ಅದು. ಕಾದದ್ದು ಬೇರೆಯವರ ಹೊಲ. 'ಸ್ಮೃತಿ' ಎಂಬ ಒಂದೇ ಪದದಲ್ಲಿ ಗೌತಮನನ್ನೂ ಈ ಕುಳವಾಡಿಯನ್ನೂ ಕೂಡಿಸಿದರೆ ಯಾರು ಯಾರಿಗಾಗಿ ನೆನಪಿಟ್ಟುಕೊಂಡರು ಎಂಬ ಪ್ರಶ್ನೆಯೇ ಮುಚ್ಚಿಹೋಗುತ್ತದೆ.

ಅಂಬೇಡ್ಕರ್ ಈ ಪ್ರಶ್ನೆಯನ್ನು ಮುಚ್ಚಿಡಲಿಲ್ಲ. 1927ರ ಡಿಸೆಂಬರ್ 25ರಂದು ಅವರು ಮಹಾಡದಲ್ಲಿ ಮನುಸ್ಮೃತಿ ಸುಡಿಸಿದ್ದು ಎಲ್ಲರಿಗೂ ನೆಪ್ಪೈತಿ. ಮೂರೇ ತಿಂಗಳಿಗೆ, 1928ರ ಮಾರ್ಚಿನಲ್ಲಿ, ವಂಶಪಾರಂಪರ್ಯ ಹುದ್ದೆಗಳ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆಯನ್ನು ಬಾಂಬೆ ಶಾಸನಸಭೆಗೆ ತಂದದ್ದು ಅಷ್ಟಾಗಿ ನೆಪ್ಪಿಲ್ಲ. ಮಹಾರರನ್ನು ವತನದ ಚಾಕರಿಯಿಂದ ಬಿಡಿಸಲಿಕ್ಕೆ ತಂದ ಮಸೂದೆ ಅದು. ಮೇಲಿನವರು ನೆನೆದದ್ದನ್ನು ಸುಟ್ಟ ಕೈಯೇ ಅವರಿಗಾಗಿ ನೆನೆಯುವ ದುಡಿಮೆಯನ್ನೂ ಬಿಡಿಸಲು ಹೊರಟಿತ್ತು. ಮಸೂದೆ ಕಾಯ್ದೆಯಾಗಲಿಲ್ಲ. ನಮ್ಮ ಕಡೆ ಗ್ರಾಮ ಹುದ್ದೆಗಳು ರದ್ದಾದದ್ದು 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಮೇಲೆ. ಅಷ್ಟೊತ್ತಿಗೆ ಊರ ಗಡಿ ಸರ್ವೆ ನಕ್ಷೆ ಸೇರಿ ಎಷ್ಟೋ ಕಾಲವಾಗಿತ್ತು.